ಸಣ್ಣ ಸರಕು ಮೋಟಾರಿನ ಬಾಡಿಯನ್ನು ಅಳೆಯುವ ಮತ್ತು ಬೆಳೆಗೆ ತಕ್ಕಂತೆ ಅಣಿಗೊಳಿಸುವ ಕ್ರಮ

ಗ್ರಾಮದಿಂದ ಸಂತೆಗೆ ಸರಕನ್ನು ಸಾಗಿಸುವುದಕ್ಕೆ ಎತ್ತಿನ ಗಾಡಿಯೊಂದೇ ಆಧಾರವಾಗಿದ್ದ ಕಾಲದಲ್ಲಿ, ಹೊಸ ಗಾಡಿಯನ್ನು ಕಟ್ಟಿಸುವ ರೈತನು ಊರಿನ ಬಡಗಿಯನ್ನು ಮನೆಗೆ ಕರೆಯಿಸಿ, ತನ್ನ ಎತ್ತುಗಳ ಎತ್ತರವೆಷ್ಟು, ಹೊಲದ ದಾರಿಯ ಅಗಲವೆಷ್ಟು, ತಾನು ತುಂಬುವ ಸರಕು ಯಾವುದು ಎಂಬುದನ್ನೆಲ್ಲ ತಿಳಿಸಿ, ಅದಕ್ಕೆ ತಕ್ಕಂತೆ ಮರವನ್ನು ಕೊಯ್ಯಿಸುತ್ತಿದ್ದನು. ಗಾಡಿಯು ಅವನ ಬೇಸಾಯಕ್ಕೆ ಹೊಂದಿಕೊಂಡೇ ಹುಟ್ಟುತ್ತಿತ್ತು. ಈಗಿನ ಸ್ಥಿತಿಯು ಹಾಗಿಲ್ಲ. ೨೦೦೫ನೆಯ ಇಸವಿಯಲ್ಲಿ ಟಾಟಾ ಕಂಪೆನಿಯವರು ‘ಏಸ್’ ಎಂಬ ಪುಟ್ಟ ಸರಕು ಮೋಟಾರನ್ನು ಮಾರುಕಟ್ಟೆಗೆ ತಂದ ಮೇಲೆ, ಆ ಜಾತಿಯ ಗಾಡಿಗಳೂ ಅವಕ್ಕಿಂತ ಸ್ವಲ್ಪ ದೊಡ್ಡವಾದ ಪಿಕಪ್ ಗಾಡಿಗಳೂ ನಮ್ಮ ಹಳ್ಳಿಗಳಲ್ಲಿ ಬಹಳವಾಗಿ ಹರಡಿವೆ. ಇವು ಕಾರ್ಖಾನೆಯಿಂದ ಸಿದ್ಧವಾಗಿ ಬರುವಂಥವು. ಟೊಮೇಟೊ ಬೆಳೆಯುವವನಿಗೂ, ಹಾಲು ಸಾಗಿಸುವವನಿಗೂ, ಕುರಿ ಸಾಕುವವನಿಗೂ ದೊರೆಯುವ ಬಾಡಿ ಒಂದೇ. ಅದನ್ನು ತನ್ನ ಕೆಲಸಕ್ಕೆ ಹೊಂದಿಸಿಕೊಳ್ಳುವ ಭಾರವು ಕೊಂಡವನ ಮೇಲೆಯೇ ಬೀಳುತ್ತದೆ.

ಹೀಗೆ ಹೊಂದಿಸಿಕೊಳ್ಳುವಾಗ ಅನೇಕರು ಮಾಡುವ ತಪ್ಪು ಒಂದೇ ಬಗೆಯದು. ಅವರು ಗಾಡಿ ಬಂದ ವಾರದಲ್ಲಿಯೇ ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, “ಗಟ್ಟಿಯಾಗಿ ಮಾಡಿಕೊಡಿ” ಎಂದು ಹೇಳಿ ಬಂದುಬಿಡುವರು. ಗಟ್ಟಿಯಾಗಿಯೇನೋ ಆಗುತ್ತದೆ, ಆದರೆ ಅಳತೆಯನ್ನೂ ತೂಕವನ್ನೂ ಯಾರೂ ನೋಡಿರುವುದಿಲ್ಲ. ಈ ಲೇಖನದ ಉದ್ದೇಶವು ಇಷ್ಟೇ: ಬಾಡಿಗೆ ಏನನ್ನೇ ಕೂಡಿಸುವುದಕ್ಕೆ ಮೊದಲು ತಕ್ಕಡಿಯನ್ನೂ ಟೇಪನ್ನೂ ಕೈಗೆ ತೆಗೆದುಕೊಳ್ಳಬೇಕು; ಏಕೆಂದರೆ ನಾವು ಕೂಡಿಸುವ ಪ್ರತಿಯೊಂದು ಕಬ್ಬಿಣದ ಪಟ್ಟಿಯೂ ಬೆಳೆಯ ಪಾಲಿನಿಂದಲೇ ತನ್ನ ತೂಕವನ್ನು ಕಳೆದುಕೊಳ್ಳುವುದು. ಗ್ರಾಮದ ಮುಖಂಡರೂ ಭೂಮಾಲಿಕರೂ ಇದನ್ನು ತಾವು ತಿಳಿದು ನೆರೆಹೊರೆಯವರಿಗೂ ತಿಳಿಸಬೇಕೆಂದು ಕೋರುತ್ತೇನೆ.

ಮೊದಲನೆಯದು — ತೂಕವನ್ನು ತಿಳಿಯುವುದು

ಆರ್.ಸಿ. ಎಂದು ಎಲ್ಲರೂ ಕರೆಯುವ ನೋಂದಣಿ ಪತ್ರದಲ್ಲಿ ಎರಡು ತೂಕಗಳು ಬರೆಯಲ್ಪಟ್ಟಿರುತ್ತವೆ. ಒಂದು, ಬರಿಯ ಗಾಡಿಯ ತೂಕ. ಇನ್ನೊಂದು, ಸರಕು, ಜನ, ಎಣ್ಣೆ ಎಲ್ಲವೂ ಸೇರಿ ಗಾಡಿಯು ಮೀರಬಾರದ ಒಟ್ಟು ತೂಕ. ಮಾರುವವರು ಬಾಯಲ್ಲಿ ಹೇಳುವ “ಮುಕ್ಕಾಲು ಟನ್ನು”, “ಒಂದೂವರೆ ಟನ್ನು” ಎಂಬ ಮಾತನ್ನು ನಂಬಿ ಲೆಕ್ಕವನ್ನು ಹಾಕತಕ್ಕದ್ದಲ್ಲ. ಮಾಡಬೇಕಾದುದು ಹೀಗೆ: ಟ್ಯಾಂಕಿನಲ್ಲಿ ಎಣ್ಣೆಯನ್ನು ತುಂಬಿಸಿ, ಸ್ಟೆಪ್ನಿ ಚಕ್ರ, ಜಾಕು ಮುಂತಾದುವನ್ನು ಎಂದಿನಂತೆ ಇಟ್ಟು, ಚಾಲಕನೂ ಸಹಾಯಕನೂ ಕುಳಿತು, ಖಾಲಿ ಗಾಡಿಯನ್ನು ಸಮೀಪದ ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಬೇಕು. ಪತ್ರದಲ್ಲಿರುವ ಒಟ್ಟು ತೂಕದಿಂದ ಇದನ್ನು ಕಳೆದರೆ ಉಳಿಯುವುದೇ ನಮಗೆ ನಿಜವಾಗಿ ದೊರೆಯುವ ಹೊರೆ.

ಉದಾಹರಣೆಗೆ, ಪತ್ರದಲ್ಲಿ ಒಟ್ಟು ತೂಕವು ೧,೫೫೦ ಕೆ.ಜಿ. ಎಂದಿದೆ, ಮೇಲೆ ಹೇಳಿದಂತೆ ತೂಗಿಸಿದಾಗ ೯೩೦ ಕೆ.ಜಿ. ಬಂದಿತು ಎಂದು ಇಟ್ಟುಕೊಳ್ಳೋಣ. ಉಳಿದುದು ೬೨೦ ಕೆ.ಜಿ. ನೆಲಹಲಗೆ, ಕಮಾನು, ಟಾರ್ಪಾಲು, ಹಗ್ಗ, ಬೆಳೆ, ಬೆಳೆಯನ್ನು ತುಂಬಿದ ಕ್ರೇಟು ಎಲ್ಲವೂ ಈ ೬೨೦ ಕೆ.ಜಿ.ಯೊಳಗೇ ಅಡಗಬೇಕು. ಈ ಸಂಖ್ಯೆಯನ್ನು ಬಾಗಿಲಿನ ಒಳಮೈಮೇಲೆ ಬಣ್ಣದಲ್ಲಿ ಬರೆಯಿಸಿಡುವುದು ಒಳ್ಳೆಯದು.

ಎರಡನೆಯದು — ಬಾಡಿಯನ್ನು ಅಳೆಯುವುದು

ಉಕ್ಕಿನ ಟೇಪು, ಸೀಮೆಸುಣ್ಣ, ಒಂದು ನೋಟ್‌ಪುಸ್ತಕ, ಇಷ್ಟಿದ್ದರೆ ಸಾಕು. ಅಡಿ ಅಂಗುಲಗಳಲ್ಲಿಯೂ ಸೆಂಟಿಮೀಟರುಗಳಲ್ಲಿಯೂ ಬೆರೆಸಿ ಬರೆದುಕೊಳ್ಳಬಾರದು. ಹಲವು ತಪ್ಪುಗಳಿಗೆ ಇದೇ ಮೂಲ. ಸೆಂಟಿಮೀಟರಿನಲ್ಲಿಯೇ ಎಲ್ಲವನ್ನೂ ಬರೆಯತಕ್ಕದ್ದು. ಒಂದು ಅಡಿಗೆ ೩೦.೪೮ ಸೆಂ.ಮೀ. ಎಂಬುದನ್ನು ನೆನಪಿನಲ್ಲಿಟ್ಟರೆ ಬಡಗಿಗೆ ಅಡಿಯ ಲೆಕ್ಕದಲ್ಲಿ ಹೇಳುವುದು ಸುಲಭ.

ಅಳೆಯಬೇಕಾದುವು ಇವು: (ಅ) ಒಳ ಉದ್ದ — ಚಾಲಕನ ಕೋಣೆಯ ಹಿಂದಿನ ತಡೆಗೋಡೆಯಿಂದ ಮುಚ್ಚಿದ ಹಿಂಬಾಗಿಲಿನವರೆಗೆ, ಎಡದಲ್ಲೊಮ್ಮೆ, ನಡುವೆ ಒಮ್ಮೆ, ಬಲದಲ್ಲೊಮ್ಮೆ. (ಆ) ಒಳ ಅಗಲ — ಮುಂದೆ, ನಡುವೆ, ಹಿಂದೆ; ಪ್ರತಿಯೊಂದನ್ನೂ ನೆಲದ ಮಟ್ಟದಲ್ಲಿಯೂ ಮೇಲಂಚಿನಲ್ಲಿಯೂ. ಮೂರರಲ್ಲಿ ಅತ್ಯಲ್ಪವಾದುದೇ ನಮ್ಮ ಅಳತೆ. ಕೊಂಡಿ, ಚಿಲಕ, ಬೋಲ್ಟಿನ ತಲೆ ಮುಂತಾದುವು ಒಳಕ್ಕೆ ಚಾಚಿಕೊಂಡಿದ್ದರೆ ಅವುಗಳಿಂದಲೇ ಅಳೆಯಬೇಕು. ಚಕ್ರದ ಗುಮ್ಮಟವು ಬಾಡಿಯೊಳಕ್ಕೆ ಬಂದಿರುವ ಗಾಡಿಗಳಲ್ಲಿ ಎರಡು ಗುಮ್ಮಟಗಳ ನಡುವಣ ಅಗಲವನ್ನು ಬೇರೆಯಾಗಿ ಬರೆದುಕೊಳ್ಳಬೇಕು. (ಇ) ಪಕ್ಕದ ಹಲಗೆಯ ಎತ್ತರ. (ಈ) ಹಿಂದಿನ ಅಚ್ಚಿನ ನಡುವಿನಿಂದ ಹಿಂಬಾಗಿಲಿನವರೆಗಿನ ದೂರ. (ಉ) ಎರಡು ಕರ್ಣಗಳು, ಎಂದರೆ ಮೂಲೆಯಿಂದ ಎದುರು ಮೂಲೆಗೆ. ಎರಡು ಕರ್ಣಗಳು ಸಮವಾಗಿದ್ದರೆ ಬಾಡಿಯು ಚಚ್ಚೌಕವಾಗಿದೆಯೆಂದು ತಿಳಿಯಬಹುದು. ಹಳೆಯ ಗಾಡಿಯನ್ನು ಕೊಳ್ಳುವವರು ಇದನ್ನು ತಪ್ಪದೆ ನೋಡಬೇಕು. ಕರ್ಣಗಳಲ್ಲಿ ಒಂದೆರಡು ಸೆಂ.ಮೀ. ವ್ಯತ್ಯಾಸವಿದ್ದರೆ ಗಾಡಿಯು ಎಲ್ಲಿಯೋ ಪೆಟ್ಟು ತಿಂದಿರಬಹುದೆಂದು ಸಂಶಯಪಡುವುದು ನ್ಯಾಯ.

ಸಣ್ಣ ಗಾಡಿಗಳ ಬಾಡಿಯು ಸುಮಾರು ೨೨೦ ಸೆಂ.ಮೀ. ಉದ್ದ, ೧೪೯ ಸೆಂ.ಮೀ. ಅಗಲ, ೩೦ ಸೆಂ.ಮೀ. ಎತ್ತರವಿರುವುದು ಸಾಮಾನ್ಯ. ಮುಂದಿನ ಲೆಕ್ಕಗಳಿಗೆ ಈ ಅಳತೆಯನ್ನೇ ಇಟ್ಟುಕೊಂಡಿದ್ದೇನೆ. ವಾಚಕರು ತಮ್ಮ ತಮ್ಮ ಗಾಡಿಯ ಅಳತೆಯನ್ನು ಹಾಕಿ ಲೆಕ್ಕವನ್ನು ಹೊಸದಾಗಿ ಮಾಡಿಕೊಳ್ಳತಕ್ಕದ್ದು.

ಮೂರನೆಯದು — ಸರಕನ್ನು ಅಳೆಯುವುದು

ಬಾಡಿಯನ್ನು ಮಾತ್ರ ಅಳೆದು ಸರಕನ್ನು ಅಳೆಯದಿರುವುದು ಅರ್ಧ ಕೆಲಸ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಹಣ್ಣು ಸುಮಾರು ೧೫ ಕೆ.ಜಿ. ಹಿಡಿಯುವ ಪ್ಲಾಸ್ಟಿಕ್ ಕ್ರೇಟುಗಳ ಲೆಕ್ಕದಲ್ಲಿ ಮಾರಾಟವಾಗುವುದು ಎಲ್ಲರಿಗೂ ತಿಳಿದ ವಿಷಯ. ಕ್ರೇಟುಗಳಲ್ಲಿ ಹಲವು ಅಳತೆಗಳುಂಟು. ಬಳಕೆಯಲ್ಲಿರುವ ಒಂದು ಜಾತಿಯು ಹೊರ ಅಂಚಿನಲ್ಲಿ ೫೪ ಸೆಂ.ಮೀ. ಉದ್ದ, ೩೬ ಸೆಂ.ಮೀ. ಅಗಲ, ೨೯ ಸೆಂ.ಮೀ. ಎತ್ತರವಿರುತ್ತದೆ. ಕ್ರೇಟಿನ ತಳಕ್ಕಿಂತ ಬಾಯಿ ಅಗಲವಾಗಿರುವುದರಿಂದ ಅಳತೆಯನ್ನು ಬಾಯಂಚಿನಲ್ಲಿಯೇ ಹಿಡಿಯಬೇಕು.

೨೨೦ ಸೆಂ.ಮೀ. ಉದ್ದದಲ್ಲಿ ೫೪ರ ನಾಲ್ಕು ಕ್ರೇಟುಗಳು ಕೂಡುತ್ತವೆ, ೪ ಸೆಂ.ಮೀ. ಉಳಿಯುತ್ತದೆ. ೧೪೯ ಸೆಂ.ಮೀ. ಅಗಲದಲ್ಲಿ ೩೬ರ ನಾಲ್ಕು ಕ್ರೇಟುಗಳು ಕೂಡುತ್ತವೆ; ೫ ಸೆಂ.ಮೀ. ಉಳಿಯುತ್ತದೆ. ಆದುದರಿಂದ ಒಂದು ವರಸೆಗೆ ೧೬ ಕ್ರೇಟುಗಳು. ಹಣ್ಣು ಮತ್ತು ಕ್ರೇಟು ಸೇರಿ ಒಂದಕ್ಕೆ ೧೭ ಕೆ.ಜಿ. ಎಂದು ಹಿಡಿದರೆ, ಎರಡು ವರಸೆಗೆ ೩೨ ಕ್ರೇಟು, ೫೪೪ ಕೆ.ಜಿ. ಆಗುತ್ತದೆ. ಮೂರು ವರಸೆಗೆ ೪೮ ಕ್ರೇಟು, ೮೧೬ ಕೆ.ಜಿ. ಆಗುತ್ತದೆ. ನಮಗೆ ದೊರೆತಿರುವ ಹೊರೆ ೬೨೦ ಕೆ.ಜಿ. ಮಾತ್ರ. ಮೂರನೆಯ ವರಸೆಗೆ ಬಾಡಿಯಲ್ಲಿ ಸ್ಥಳವಿದ್ದರೂ ಗಾಡಿಯಲ್ಲಿ ಶಕ್ತಿಯಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಹಾಲಿನ ಕ್ಯಾನುಗಳ ವಿಷಯದಲ್ಲಿಯೂ ಹೀಗೆಯೇ. ೪೦ ಲೀಟರಿನ ಅಲ್ಯೂಮಿನಿಯಂ ಕ್ಯಾನು ತುಂಬಿದಾಗ ಸುಮಾರು ೫೦ ಕೆ.ಜಿ. ತೂಗುವುದು. ೬೨೦ ಕೆ.ಜಿ.ಗೆ ಹನ್ನೆರಡು ಕ್ಯಾನುಗಳು. ಅಳವಡಿಕೆಗಳ ತೂಕವನ್ನು ಕಳೆದರೆ ಹನ್ನೊಂದು. ಬಾಡಿಯಲ್ಲಿ ಅದಕ್ಕಿಂತ ಹೆಚ್ಚು ಕ್ಯಾನುಗಳಿಗೆ ಸ್ಥಳವಿರುವುದು ಕಣ್ಣಿಗೆ ಕಾಣುತ್ತದೆ. ಆ ಕಾಣುವ ಸ್ಥಳವೇ ಮೋಸ. ಸೊಪ್ಪು, ಹೂವು, ಒಣಹುಲ್ಲು ಇಂಥ ಹಗುರವಾದ ಸರಕಿನಲ್ಲಿ ಮಾತ್ರ ತೂಕಕ್ಕೆ ಮೊದಲು ಸ್ಥಳವು ತೀರುವುದು. ಅಲ್ಲಿ ಭಯವಿರುವುದು ಎತ್ತರದಿಂದ.

ನಾಲ್ಕನೆಯದು — ಅಳವಡಿಕೆಗಳು ತಿನ್ನುವ ಪಾಲು

ನೆಲಕ್ಕೆ ೩ ಮಿ.ಮೀ. ದಪ್ಪದ ಉಕ್ಕಿನ ತಗಡನ್ನು ಹಾಸುವುದು ಬಹಳ ಮಂದಿಯ ವಾಡಿಕೆ. ಉಕ್ಕು ಒಂದು ಚದರ ಮೀಟರಿಗೆ, ೧ ಮಿ.ಮೀ. ದಪ್ಪಕ್ಕೆ, ೭.೮೫ ಕೆ.ಜಿ. ತೂಗುತ್ತದೆ. ನಮ್ಮ ಬಾಡಿಯ ನೆಲವು ಸುಮಾರು ೩.೨೮ ಚದರ ಮೀಟರು. ಆದುದರಿಂದ ತಗಡಿನ ತೂಕವು ೭೭ ಕೆ.ಜಿ. ಅದೇ ನೆಲಕ್ಕೆ ೧೨ ಮಿ.ಮೀ. ದಪ್ಪದ ನೀರು ತಡೆಯುವ ಪ್ಲೈವುಡ್ ಹಲಗೆಯನ್ನು ಹಾಸಿದರೆ ಸುಮಾರು ೨೫ ಕೆ.ಜಿ. ಆಗುವುದು. ಟಾರ್ಪಾಲಿಗೆ ಮೂರು ಕಮಾನುಗಳನ್ನೂ, ಅವನ್ನು ಕೂಡಿಸುವ ಮೂರು ಉದ್ದಪಟ್ಟಿಗಳನ್ನೂ ಮಾಡುವುದಕ್ಕೆ ಒಟ್ಟು ೧೬ ಮೀಟರು ಕಬ್ಬಿಣ ಬೇಕಾಗುವುದು. ೪೦ ಮಿ.ಮೀ. ಅಗಲ, ೫ ಮಿ.ಮೀ. ದಪ್ಪದ ಆ್ಯಂಗಲ್ ಪಟ್ಟಿಯು ಮೀಟರಿಗೆ ೩ ಕೆ.ಜಿ. ಇರುವುದರಿಂದ ೪೮ ಕೆ.ಜಿ. ಆಗುತ್ತದೆ. ೨೫ ಮಿ.ಮೀ. ಚೌಕದ, ೧.೬ ಮಿ.ಮೀ. ದಪ್ಪದ ಕೊಳವೆಯು ಮೀಟರಿಗೆ ಸುಮಾರು ೧.೨ ಕೆ.ಜಿ. ಮಾತ್ರ, ಅದರಲ್ಲಿ ಮಾಡಿದರೆ ೧೯ ಕೆ.ಜಿ. ಸಾಕು. ಟಾರ್ಪಾಲಿಗೂ ಹಗ್ಗಕ್ಕೂ ೧೦ ಕೆ.ಜಿ. ಎರಡು ಕಡೆಯೂ ಸೇರಿಸೋಣ.

ಭಾರವಾದ ಅಳವಡಿಕೆಯು ಒಟ್ಟು ೧೩೫ ಕೆ.ಜಿ.; ಹಗುರವಾದುದು ೫೪ ಕೆ.ಜಿ. ಮೊದಲನೆಯದರಲ್ಲಿ ಸರಕಿಗೆ ಉಳಿಯುವುದು ೪೮೫ ಕೆ.ಜಿ., ಎಂದರೆ ೨೮ ಕ್ರೇಟು. ಎರಡನೆಯದರಲ್ಲಿ ಉಳಿಯುವುದು ೫೬೬ ಕೆ.ಜಿ.; ಎರಡು ವರಸೆಗಳ ೩೨ ಕ್ರೇಟುಗಳೂ ನಿರಾತಂಕವಾಗಿ ಹೋಗುವುವು. ಸುಗ್ಗಿಯಲ್ಲಿ ನೂರು ಸಲ ಮಾರುಕಟ್ಟೆಗೆ ಹೋಗಿಬಂದರೆ ವ್ಯತ್ಯಾಸವು ೪೦೦ ಕ್ರೇಟು, ೬,೦೦೦ ಕೆ.ಜಿ. ಹಣ್ಣು. ಇಷ್ಟನ್ನು ಸಾಗಿಸುವುದಕ್ಕೆ ಹದಿನೈದು ಪ್ರಯಾಣಗಳು ಹೆಚ್ಚಾಗಿ ಬೇಕು. ಕಬ್ಬಿಣವನ್ನು ಹೊತ್ತು ತಿರುಗುವುದಕ್ಕಾಗಿ ಡೀಸಲಿಗೆ ಹಣವನ್ನು ತೆರುವುದು ಯಾವ ರೈತನಿಗೂ ಲಾಭವಲ್ಲ.

ಅಳವಡಿಕೆಯು ತೂಕವನ್ನಲ್ಲದೆ ಅಳತೆಯನ್ನೂ ತಿನ್ನುವುದು. ಮಾಲೂರು ತಾಲ್ಲೂಕಿನ ಬೆಳೆಗಾರರೊಬ್ಬರು ೪೦ ಮಿ.ಮೀ. ಆ್ಯಂಗಲ್ ಕಂಬಗಳನ್ನು ಬಾಡಿಯ ಒಳಮೈಗೆ ವೆಲ್ಡ್ ಮಾಡಿಸಿದ್ದರು. ಎರಡು ಪಕ್ಕಗಳಿಗೂ ಸೇರಿ ೮ ಸೆಂ.ಮೀ. ಹೋಯಿತು, ೧೪೯ರಲ್ಲಿ ೧೪೧ ಉಳಿಯಿತು. ನಾಲ್ಕು ಕ್ರೇಟಿಗೆ ಬೇಕಾದುದು ೧೪೪. ಮೊದಲ ದಿನ ತುಂಬುವಾಗ ನಾಲ್ಕನೆಯ ಸಾಲು ಕೂಡಲಿಲ್ಲ. ವರಸೆಗೆ ಹದಿನಾರರ ಬದಲು ಹನ್ನೆರಡೇ ಆಯಿತು. ಮಾರುಕಟ್ಟೆಗೆ ಹೊತ್ತಾಗುತ್ತಿದ್ದುದರಿಂದ ಉಳಿದ ಕ್ರೇಟುಗಳನ್ನು ಮೂರನೆಯ ವರಸೆಯಾಗಿ ಮೇಲಕ್ಕೇರಿಸಿ ಹಗ್ಗವನ್ನು ಬಿಗಿದು ಹೊರಟರು. ಆಳೊಬ್ಬನು ಕ್ರೇಟುಗಳ ಮೇಲೆ ಕುಳಿತಿದ್ದನು. ದಾರಿಯಲ್ಲಿ ಅವನು ಟೀ ಕುಡಿಯಲೆಂದು ಇಳಿದು ಚಾಲಕನ ಪಕ್ಕಕ್ಕೆ ಬಂದು ಕುಳಿತನು. ಅದಾದ ಸ್ವಲ್ಪ ಹೊತ್ತಿಗೆ ಕೆರೆಯ ಏರಿಯ ತಿರುವಿನಲ್ಲಿ ಹಗ್ಗವು ಜಾರಿ ಮೇಲಣ ವರಸೆಯು ಏರಿಯ ಕೆಳಕ್ಕೆ ಉರುಳಿತು. ಹಣ್ಣು ಹೋಯಿತು, ಮನುಷ್ಯನು ಉಳಿದನು. ಆ ಬೆಳೆಗಾರರು ಮಾರನೆಯ ವಾರವೇ ಕಂಬಗಳನ್ನು ಕೊಯ್ಯಿಸಿ ತೆಗೆಸಿದರು. ಮೂರು ಸೆಂಟಿಮೀಟರಿನ ಕೊರತೆಯು ಎಲ್ಲಿಯವರೆಗೆ ಕರೆದೊಯ್ಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಐದನೆಯದು — ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಕೆಲಸಗಳು

ಇಲ್ಲಿ ಹೇಳುವ ಕೆಲಸಗಳನ್ನು ಗರಗಸ, ಕೈ ಡ್ರಿಲ್ಲು, ಸ್ಪ್ಯಾನರುಗಳನ್ನು ಹಿಡಿಯಬಲ್ಲ ರೈತನು ತಾನೇ ಮಾಡಿಕೊಳ್ಳಬಹುದು. ಕೊಳವೆಯನ್ನು ಬೆಸೆಯುವುದಕ್ಕೆ ಮಾತ್ರ ವೆಲ್ಡಿಂಗ್ ಬಲ್ಲವನ ಸಹಾಯ ಬೇಕು. ಎಲ್ಲಕ್ಕೂ ಒಂದು ಸಾಮಾನ್ಯ ನಿಯಮ: ಯಾವ ಅಳವಡಿಕೆಯನ್ನೇ ಆಗಲಿ ಬಿಚ್ಚಿ ತೆಗೆಯುವಂತೆ ಬೋಲ್ಟಿನಿಂದ ಹಾಕತಕ್ಕದ್ದೇ ಹೊರತು ಗಾಡಿಗೆ ವೆಲ್ಡ್ ಮಾಡತಕ್ಕದ್ದಲ್ಲ. ಗಾಡಿಯ ಚಾಸಿಗೆ ರಂಧ್ರವನ್ನು ಕೊರೆಯುವುದಾಗಲಿ ಬೆಸೆಯುವುದಾಗಲಿ ಕೂಡದು. ಉಕ್ಕು ಅಲ್ಲಿಂದಲೇ ಬಿರುಕುಬಿಡಲು ತೊಡಗುವುದು.

೧. ನೆಲಹಲಗೆ. — ಪ್ಲೈವುಡ್ ಹಲಗೆಯು ೮ ಅಡಿ ಉದ್ದ, ೪ ಅಡಿ ಅಗಲದ ಹಾಳೆಯಾಗಿ ದೊರೆಯುವುದು. ೪ ಅಡಿಯೆಂದರೆ ೧೨೨ ಸೆಂ.ಮೀ. ಬಾಡಿಯ ಅಗಲ ೧೪೯ ಸೆಂ.ಮೀ. ಆದುದರಿಂದ ಒಂದು ಪೂರ್ಣ ಹಾಳೆಯ ಜೊತೆಗೆ ೨೭ ಸೆಂ.ಮೀ. ಅಗಲದ ಪಟ್ಟಿಯೊಂದು ಬೇಕು. ಮಳೆಗಾಲದಲ್ಲಿ ಹಲಗೆಯು ಹಿಗ್ಗುವುದರಿಂದ ಉದ್ದದಲ್ಲಿಯೂ ಒಟ್ಟು ಅಗಲದಲ್ಲಿಯೂ ಒಂದೊಂದು ಸೆಂ.ಮೀ. ಕಡಮೆಯಾಗಿ ಕೊಯ್ಯಬೇಕು. ಬಾಡಿಯಲ್ಲಿ ನೀರು ಹೋಗುವ ರಂಧ್ರಗಳಿರುವ ಕಡೆ ಹಲಗೆಗೂ ರಂಧ್ರವನ್ನು ಕೊರೆಯತಕ್ಕದ್ದು. ಕೊಯ್ದ ಅಂಚುಗಳಿಗೆ ಎರಡು ಸಲ ಬಣ್ಣವನ್ನು ಬಳಿಯದಿದ್ದರೆ ನೀರು ಅಂಚಿನಿಂದಲೇ ಒಳಸೇರಿ ಪದರಗಳು ಬಿಚ್ಚಿಕೊಳ್ಳುವುವು. ತಿಂಗಳಿಗೊಮ್ಮೆ ಹಲಗೆಯನ್ನೆತ್ತಿ ಕೆಳಗಿನ ಮಣ್ಣನ್ನು ತೊಳೆಯಬೇಕು. ಗೊಬ್ಬರದ ಚೀಲ ಒಡೆದು ಚೆಲ್ಲಿದ ದಿನವಂತೂ ಅಂದೇ ತೊಳೆಯಬೇಕು. ರಸಗೊಬ್ಬರದ ಉಪ್ಪು ತೇವದೊಡನೆ ಸೇರಿ ತಗಡನ್ನು ಬೇಗನೆ ತಿನ್ನುವುದು.

೨. ಕಮಾನೂ ಪಕ್ಕದ ತಡೆಯೂ. — ಎರಡು ವರಸೆ ಕ್ರೇಟುಗಳ ಎತ್ತರವು ೫೮ ಸೆಂ.ಮೀ.; ಪಕ್ಕದ ಹಲಗೆಯ ಎತ್ತರವು ೩೦ ಸೆಂ.ಮೀ. ಮೇಲಣ ವರಸೆಗೆ ಆಸರೆಯಿಲ್ಲ. ಆಸರೆಗೊಂದು, ಟಾರ್ಪಾಲಿಗೊಂದು ಎಂದು ಎರಡು ಚೌಕಟ್ಟುಗಳನ್ನು ಮಾಡಿಸದೆ ಒಂದರಿಂದಲೇ ಎರಡು ಕೆಲಸಗಳನ್ನೂ ತೆಗೆಯಬಹುದು. ಚೌಕ ಕೊಳವೆಯಿಂದ ಮೂರು ಕಮಾನುಗಳನ್ನು ಮಾಡಿ, ಕಾಲುಗಳನ್ನು ೭೦ ಸೆಂ.ಮೀ. ಎತ್ತರಕ್ಕೆ ಇಡಬೇಕು. ಪಕ್ಕದ ಹಲಗೆಯ ಮೇಲಂಚಿಗೆ ಬೋಲ್ಟು ಹಾಕಿದ ಗೇಣುದ್ದದ ಕೊಳವೆಗಳೊಳಕ್ಕೆ ಈ ಕಾಲುಗಳು ಇಳಿಯಬೇಕು. ಎತ್ತಿನ ಗಾಡಿಯ ಪಕ್ಕಕ್ಕೆ ಗೂಟಗಳನ್ನು ಸಿಕ್ಕಿಸುವ ಕ್ರಮವೇ ಇದು. ಕಾಲುಗಳು ಮೇಲಂಚಿನಲ್ಲಿ ನಿಲ್ಲುವುದರಿಂದ ಬಾಡಿಯ ಒಳ ಅಗಲವು ಕಡಮೆಯಾಗುವುದಿಲ್ಲ. ಎರಡು ಉದ್ದಪಟ್ಟಿಗಳನ್ನು ಮೇಲಣ ಕ್ರೇಟಿನ ನಡುವಿನ ಎತ್ತರಕ್ಕೆ ಎರಡು ಪಕ್ಕಗಳಲ್ಲಿಯೂ, ಮೂರನೆಯದನ್ನು ಕಮಾನುಗಳ ನೆತ್ತಿಯಲ್ಲಿಯೂ ಕೂಡಿಸಬೇಕು. ಪ್ರತಿಯೊಂದು ಕಾಲಿಗೂ ಅಡ್ಡವಾಗಿ ಒಂದು ಪಿನ್ನನ್ನು ತೂರಿಸಿ ಕೊಕ್ಕೆ ಹಾಕಿದರೆ ಗಾಡಿಯ ಕುಲುಕಿಗೆ ಮೇಲೇಳುವುದಿಲ್ಲ. ಪಕ್ಕದ ಹಲಗೆಗಳು ಕೆಳಕ್ಕೆ ತೆರೆಯುವಂತಿರುವ ಗಾಡಿಯಲ್ಲಿ, ತೆರೆಯುವ ಹಲಗೆಗೆ ಕೊಳವೆಯನ್ನು ಹಾಕದೆ ಮೂಲೆಯ ಸ್ಥಿರವಾದ ಕಂಬಗಳಿಗೇ ಹಾಕತಕ್ಕದ್ದು. ಕಬ್ಬಿಣಕ್ಕೆ ಮೊದಲು ರೆಡ್ ಆಕ್ಸೈಡ್, ಆಮೇಲೆ ಬಣ್ಣ.

೩. ಟಾರ್ಪಾಲು. — ಟಾರ್ಪಾಲನ್ನು ಹಣ್ಣುಗಳ ಮೇಲೆಯೇ ಹೊದಿಸುವುದು ಹಾನಿಕರ. ಕಿತ್ತ ಹಣ್ಣೂ ತರಕಾರಿಯೂ ಉಸಿರಾಡುತ್ತಲೇ ಇರುವುವು. ಆಗ ಹುಟ್ಟುವ ಶಾಖವು ಹೊರಹೋಗಬೇಕು. ಮೇಲೆ ಹೇಳಿದ ಕಮಾನಿನಲ್ಲಿ ಕ್ರೇಟಿನ ಬಾಯಿಗೂ ಟಾರ್ಪಾಲಿಗೂ ನಡುವೆ ಸುಮಾರು ೪೦ ಸೆಂ.ಮೀ. ತೆರಪು ದೊರೆಯುವುದು. ಬಿಸಿಲಿನಲ್ಲಿ ಪಕ್ಕಗಳನ್ನು ಅರ್ಧಕ್ಕೆ ಸುತ್ತಿ ಕಟ್ಟಿ, ಗಾಳಿಯು ಆಡುವಂತೆ ಬಿಡಬೇಕು. ಕಪ್ಪು ಹೊದಿಕೆಗಿಂತ ಬಿಳಿಯದು ಅಥವಾ ತೆಳುಬಣ್ಣದ್ದು ಶಾಖವನ್ನು ಕಡಮೆ ಹೀರುವುದು.

೪. ಅಡ್ಡತಡೆ. — ಅರ್ಧ ಹೊರೆಯಿದ್ದಾಗ ಕ್ರೇಟುಗಳು ಹಿಂದಕ್ಕೂ ಮುಂದಕ್ಕೂ ಜಾರಿ ಹಣ್ಣು ಜಜ್ಜಿಹೋಗುವುದು. ಇದಕ್ಕೆ ಎರಡು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಸಿಲ್ವರ್ ಓಕ್ ರೀಪುಗಳಿಂದ ಬಾಡಿಯ ಅಗಲಕ್ಕೆ ಸರಿಯಾಗಿ ಏಣಿಯಂಥ ಒಂದು ತಡೆಯನ್ನು ಮಾಡಿ, ಹೊರೆಯ ಹಿಂದೆ ನಿಲ್ಲಿಸಿ, ಪಕ್ಕದ ಕೊಂಡಿಗಳಿಗೆ ಹಗ್ಗದಿಂದ ಬಿಗಿದರೆ ಸಾಕು. ಉದ್ದದಲ್ಲಿ ಉಳಿಯುವ ೪ ಸೆಂ.ಮೀ., ಅಗಲದಲ್ಲಿ ಉಳಿಯುವ ೫ ಸೆಂ.ಮೀ. ತೆರಪಿಗೂ ಇಂಥ ರೀಪಿನ ತುಂಡುಗಳನ್ನು ಸಿಕ್ಕಿಸಿ, ಕ್ರೇಟುಗಳು ಅಲುಗದಂತೆ ಮಾಡಬೇಕು. ಹಗ್ಗವು ಸವೆದಿದ್ದರೆ ಗಂಟುಹಾಕಿ ಬಳಸದೆ ಬದಲಾಯಿಸುವುದು ಕ್ಷೇಮ.

ಆರನೆಯದು — ಹೊರೆಯನ್ನು ಇಡುವ ಸ್ಥಾನ

ಎತ್ತಿನ ಗಾಡಿಯನ್ನು ತುಂಬಿದವರಿಗೆಲ್ಲ ಹಿಂಭಾರ, ಮುಂಭಾರ ಎಂಬುದು ಚೆನ್ನಾಗಿ ತಿಳಿದ ಸಂಗತಿ. ಹಿಂಭಾರವಾದರೆ ನೊಗವು ಮೇಲೆದ್ದು ಎತ್ತುಗಳ ಕೊರಳನ್ನು ಹಿಸುಕುವುದು; ಎತ್ತುಗಳು ಕೂಡಲೆ ತಿಳಿಸುವುವು. ಮೋಟಾರು ಹಾಗೆ ತಿಳಿಸುವುದಿಲ್ಲ. ಅಲ್ಲಿ ಮೇಲೇಳುವುದು ಮುಂದಿನ ಚಕ್ರಗಳ ಭಾರ. ಎರಡು ಅಚ್ಚುಗಳ ನಡುವೆ ೨೧೦ ಸೆಂ.ಮೀ. ದೂರವಿರುವ ಗಾಡಿಯಲ್ಲಿ, ಹಿಂದಿನ ಅಚ್ಚಿನಿಂದ ೭೦ ಸೆಂ.ಮೀ. ಹಿಂದಕ್ಕೆ ೧೦೦ ಕೆ.ಜಿ. ಸರಕನ್ನಿಟ್ಟರೆ, ಹಿಂದಿನ ಚಕ್ರಗಳ ಮೇಲೆ ೧೩೩ ಕೆ.ಜಿ. ಭಾರವು ಬಿದ್ದು ಮುಂದಿನ ಚಕ್ರಗಳಿಂದ ೩೩ ಕೆ.ಜಿ. ಕಡಮೆಯಾಗುವುದು. ಮುಂದಿನ ಚಕ್ರಗಳು ಹಗುರವಾದಷ್ಟೂ ಸ್ಟಿಯರಿಂಗು ಹಿಡಿತ ತಪ್ಪುವುದು; ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕನ್ನು ಒತ್ತಿದರೂ ಗಾಡಿಯು ಜಾರುವುದು.

ಆದುದರಿಂದ ಭಾರವಾದ ಸರಕನ್ನು ಚಾಲಕನ ಕೋಣೆಯ ಹಿಂದಿನ ತಡೆಗೋಡೆಗೆ ತಾಗಿಸಿ, ನಡುವೆ ತೆರಪು ಬಿಡದೆ ಇಡತಕ್ಕದ್ದು; ಹಗುರವಾದುದನ್ನು ಹಿಂದಕ್ಕೂ ಮೇಲಕ್ಕೂ ಇಡತಕ್ಕದ್ದು. ದಾರಿಯಲ್ಲಿ ಅರ್ಧ ಸರಕನ್ನು ಇಳಿಸಿದಾಗ ಉಳಿದುದನ್ನು ಮುಂದಕ್ಕೆ ಸರಿಸಬೇಕು. ಉಪಕರಣದ ಪೆಟ್ಟಿಗೆಯನ್ನು ಹಿಂಬಾಗಿಲ ಬಳಿ ಜೋಡಿಸದೆ ಮುಂದಿನ ಮೂಲೆಯಲ್ಲಿಯೇ ಜೋಡಿಸಬೇಕು. ಟೈರುಗಳ ಗಾಳಿಯನ್ನು ತಯಾರಕರು ಹೊರೆಯ ಗಾಡಿಗೆ ಹೇಳಿರುವ ಪ್ರಮಾಣದಲ್ಲಿ, ಟೈರು ತಣ್ಣಗಿರುವಾಗ ನೋಡಿಸಬೇಕು.

ಏಳನೆಯದು — ಕಾಯಿದೆಯ ವಿಷಯ

೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಬಾಡಿಯನ್ನು ಉದ್ದ ಮಾಡಿಸುವುದು, ಅಗಲ ಮಾಡಿಸುವುದು, ಸ್ಪ್ರಿಂಗ್ ಪಟ್ಟಿಗಳನ್ನು ಕೂಡಿಸಿ ಹೆಚ್ಚು ಹೊರೆಗೆ ಸಿದ್ಧಪಡಿಸುವುದು, ಇವು ಯಾವುವೂ ಸಲ್ಲವು. ಸ್ಪ್ರಿಂಗನ್ನು ಬಲಪಡಿಸಿದ ಮಾತ್ರಕ್ಕೆ ಬ್ರೇಕೂ ಅಚ್ಚೂ ಬಲಗೊಳ್ಳುವುದಿಲ್ಲ. ಯಾವುದಾದರೂ ಸ್ಥಿರವಾದ ಬದಲಾವಣೆಯು ಬೇಕೆನಿಸಿದರೆ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಮಿತಿಮೀರಿದ ಹೊರೆಗೆ ೨೦೧೯ರ ತಿದ್ದುಪಡಿಯ ಪ್ರಕಾರ ೨೦,೦೦೦ ರೂಪಾಯಿ ದಂಡವೂ, ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿಯೂ ಗೊತ್ತಾಗಿದೆ. ಹೆಚ್ಚಿನ ಸರಕನ್ನು ಇಳಿಸುವ ವೆಚ್ಚವೂ ಮಾಲಿಕನದೇ. ಯಾವ ಅಳವಡಿಕೆಯೂ ಹಿಂದಿನ ದೀಪಗಳನ್ನಾಗಲಿ ನಂಬರ್ ಪ್ಲೇಟನ್ನಾಗಲಿ ಮರೆಮಾಡಬಾರದು.

ದನಕರುಗಳನ್ನು ಸಾಗಿಸುವವರು ಇನ್ನೊಂದನ್ನು ತಿಳಿದಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ೨೦೧೫ರಲ್ಲಿ ಸೇರಿದ ೧೨೫-ಇ ನಿಯಮದಂತೆ, ಪ್ರಾಣಿಗಳನ್ನು ಸಾಗಿಸುವ ಗಾಡಿಯಲ್ಲಿ ಸ್ಥಿರವಾದ ವಿಭಾಗಗಳಿರಬೇಕು. ಹಸು ಅಥವಾ ಎಮ್ಮೆಯೊಂದಕ್ಕೆ ೨ ಚದರ ಮೀಟರಿಗೆ ಕಡಮೆಯಿಲ್ಲದ ಸ್ಥಳವನ್ನೂ, ಕುರಿ ಮೇಕೆಯೊಂದಕ್ಕೆ ೦.೩ ಚದರ ಮೀಟರು ಸ್ಥಳವನ್ನೂ ಕೊಡಬೇಕು. ನಾವು ಲೆಕ್ಕಕ್ಕೆ ತೆಗೆದುಕೊಂಡ ಬಾಡಿಯು ೩.೨೮ ಚದರ ಮೀಟರು. ಒಂದೇ ಹಸುವಿಗೆ ಸಾಲುವುದು, ಎರಡಕ್ಕೆ ಸಾಲದು. ರೀಪಿನ ಅಡ್ಡತಡೆಯೊಂದನ್ನು ನಿಲ್ಲಿಸಿ ಮೂರು ಹಸುಗಳನ್ನು ತುರುಕುವುದು ನಿಯಮಕ್ಕೂ ದಯೆಗೂ ವಿರುದ್ಧ.

ಕಡೆಯದಾಗಿ, ಬಾಡಿಯಲ್ಲಿ ಬೆಂಚನ್ನು ಕಟ್ಟಿಸಿ ಕೂಲಿಯಾಳುಗಳನ್ನು ಕೂರಿಸುವ ಪದ್ಧತಿ. ಸರಕಿನ ಗಾಡಿಯು ಜನರನ್ನು ಸಾಗಿಸುವುದಕ್ಕಾಗಿ ಆದುದಲ್ಲ. ಮೂವತ್ತು ಸೆಂ.ಮೀ. ಎತ್ತರದ ಪಕ್ಕದ ಹಲಗೆಯು ಕ್ರೇಟನ್ನೇ ಪೂರ್ತಿಯಾಗಿ ತಡೆಯದು. ಮನುಷ್ಯನನ್ನು ಹೇಗೆ ತಡೆದೀತು? ಕಳೆ ಕೀಳುವುದಕ್ಕೂ ಕೊಯ್ಲಿಗೂ ಹೋಗುವ ಹೆಂಗಸರು ಮಕ್ಕಳು ಇಂಥ ಗಾಡಿಗಳಲ್ಲಿ ನಿಂತು ಹೋಗುವುದು ನಿತ್ಯವೂ ಕಾಣುವ ದೃಶ್ಯ. ಅಪಘಾತವಾದಾಗ ವಿಮೆಯ ಹಣವೂ ತಂಟೆಗೆ ಬೀಳುವುದು. ಹೋದ ಜೀವವಂತೂ ಬಾರದು. ಈ ಒಂದು ಅಳವಡಿಕೆಯನ್ನು ಯಾರೂ ಮಾಡಿಸಬಾರದು, ಮಾಡಿಸಿರುವವರು ಕೀಳಿಸಬೇಕು. ಇದರಲ್ಲಿ ಗ್ರಾಮದ ಮುಖಂಡರ ಒಂದು ಮಾತಿಗೆ ಇಲಾಖೆಯ ಹತ್ತು ಪ್ರಕಟಣೆಗಳಿಗಿಂತ ಹೆಚ್ಚಿನ ಬೆಲೆಯುಂಟು.

ಉಪಸಂಹಾರ

ಹೇಳಿದುದನ್ನು ಸಂಕ್ಷೇಪಿಸಿದರೆ ಹೀಗಾಗುವುದು: ಪತ್ರವನ್ನು ಓದಿ ಗಾಡಿಯನ್ನು ತೂಗಿಸಬೇಕು, ಬಾಡಿಯನ್ನು ಒಳಗಿನಿಂದಲೂ ಸರಕನ್ನು ಹೊರಗಿನಿಂದಲೂ ಅಳೆಯಬೇಕು, ಕೂಡಿಸುವ ವಸ್ತುವಿನ ತೂಕವನ್ನು ಮಾಡಿಸುವ ಮೊದಲೇ ಲೆಕ್ಕಹಾಕಬೇಕು, ಹಗುರವಾದುದನ್ನು ಆರಿಸಿ, ಬಿಚ್ಚುವಂತೆ ಬಿಗಿಯಬೇಕು, ಅಳವಡಿಕೆಯೆಲ್ಲ ಮುಗಿದ ಮೇಲೆ ಇನ್ನೊಮ್ಮೆ ತೂಗಿಸಿ ಹೊಸ ಸಂಖ್ಯೆಯನ್ನು ಬಾಗಿಲಿನ ಮೇಲೆ ಬರೆಯಿಸಬೇಕು. ಹಳ್ಳಿಯಲ್ಲಿ ನಾಲ್ಕಾರು ಗಾಡಿಗಳಿದ್ದರ ಅವರೆಲ್ಲರೂ ಕೂಡಿ ಒಂದೇ ಅಳತೆಯ ಕ್ರೇಟುಗಳನ್ನು ಬಳಸುವುದೂ, ಒಂದೇ ಮಾದರಿಯ ಕಮಾನನ್ನು ಮಾಡಿಸಿ ಬೇಕಾದಾಗ ಬದಲಾಯಿಸಿಕೊಳ್ಳುವುದೂ ಬಹಳ ಅನುಕೂಲ.

ನಮ್ಮ ಹಿರಿಯರು ಗಾಡಿಯ ಅಚ್ಚು ತಾಳುವಷ್ಟನ್ನೇ ತುಂಬುತ್ತಿದ್ದರು. ಎತ್ತಿನ ಮುಖವನ್ನು ನೋಡಿ ಹೊರೆಯನ್ನು ಇಳಿಸುತ್ತಿದ್ದರು. ಮೋಟಾರಿಗೆ ಮುಖವಿಲ್ಲ, ಅದರ ದಣಿವನ್ನು ತಕ್ಕಡಿಯಿಂದಲೂ ಟೇಪಿನಿಂದಲೂ ನಾವೇ ಕಂಡುಕೊಳ್ಳಬೇಕು. ಹಾಗೆ ಕಂಡುಕೊಂಡವರ ಬೆಳೆಯು ಕೆಡದೆ ಮಾರುಕಟ್ಟೆಯನ್ನು ಸೇರುವುದು. ಜೊತೆಗೆ ಹೋದವರೂ ಸಂಜೆಗೆ ಕ್ಷೇಮವಾಗಿ ಮನೆಯನ್ನು ಸೇರುವರು.